ನಮ್ಮ ಒಲೆಯ ಗೊರಕೆ

ಗೊರಕೆಯ ವಿಶೇಷವೆಂದರೆ ಹೊಡೆಯುವವನೊಬ್ಬನನ್ನು ಬಿಟ್ಟು ಮನೆಮಂದಿಗೆಲ್ಲ ಅದು ಕೇಳಿಸುತ್ತದೆ. ನನ್ನ ಗೊರಕೆಯ ಕುರಿತು ಹೆಂಡತಿ ವಿಮಲಾ ಹೊರಿಸುವ ಆರೋಪಗಳನ್ನು ಸಾಕ್ಷ್ಯಾಧಾರಗಳಿಲ್ಲವೆಂದು ತಳ್ಳಿಹಾಕುತ್ತಲೇ ಬಂದಿದ್ದ ನನಗೆ, ಪರದೇಶದ ಈ ಮಿಲ್ಪಿಟಾಸಿನ ನಮ್ಮ ನಡುಮನೆಯ ಪೆಲ್ಲೆಟ್ ಸ್ಟೋವು ಈ ಚಳಿಗಾಲ ಹಾಡುಹಗಲೇ ಗೊರಕೆ ಹೊಡೆಯತೊಡಗಿದಾಗ ಆಕೆಯ ಮೇಲೆ ಮೊದಲ ಬಾರಿಗೆ ಅನುಕಂಪ ಹುಟ್ಟಿತು.

ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು ನುಂಗುತ್ತ ಉರಿಯುವ ಈ ಒಲೆಯನ್ನು ಹಠ ಹಿಡಿದು ತಂದವನು ನಾನೇ. ಕಣ್ಣಿಗೆ ಬೆಂಕಿ ಕಾಣದ ಶಾಖ ನನಗೆ ಒಗ್ಗರಣೆಯಿಲ್ಲದ ಸಾರಿನಂತೆ. ಬಿಸಿಯನ್ನು ಕೋಣೆಗೆಲ್ಲ ಹಂಚಲು ಅದರೊಳಗೆ ಗಾಳಿ ಊದುವ ಬ್ಲೋವರೊಂದಿದೆ. ಗರಗರ ಎನ್ನುತ್ತಿದ್ದುದು ಅದೇ.

ಬರಿಯ ಸದ್ದಾಗಿದ್ದರೆ ಸಹಿಸಬಹುದಿತ್ತು. ಹಾಸನದಿಂದ ಬಂದಿರುವ ನಮ್ಮ ಅತ್ತೆಯವರು ಸಂಜೆ ಒಲೆಯ ಮುಂದೆ ಕುಳಿತು ನನ್ನ ಮಗಳು ಅನಘಳಿಗೆ ಕಥೆ ಹೇಳುತ್ತಿದ್ದರು. ಅಜ್ಜಿಯದು ಕನ್ನಡ, ಮೊಮ್ಮಗಳ ಪ್ರಶ್ನೆಗಳೆಲ್ಲ ಇಂಗ್ಲಿಷು. ಅಜ್ಜಿಯ ಮೆಲುದನಿ ಗರಗರದಲ್ಲಿ ಮುಳುಗಿದ್ದೇ ತಡ, ಹುಡುಗಿ ಹೆಡ್‌ಫೋನು ಏರಿಸಿಕೊಂಡು ತನ್ನ ಕೋಣೆ ಸೇರಿದಳು. ಅತ್ತೆಯವರು ಇನ್ನು ಸ್ವಲ್ಪ ದಿನಕ್ಕೆ ಊರಿಗೆ ಹೊರಡುವವರು. ಕಥೆಯಿಲ್ಲದೆ ಕಳೆಯುತ್ತಿದ್ದ ಆ ಸಂಜೆಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

"ನಿಮ್ಮ ಒಲೆಗೆ ನೆಗಡಿ ಆಗಿದೆ ಅಳಿಯಂದ್ರೇ, ಮೆಣಸಿನ ಕಷಾಯ ಮಾಡ್ಲಾ?" ಎಂದರು ಅತ್ತೆ.

"ಈ ವೀಕೆಂಡು ಸರಿಹೋಗ್ಲಿಲ್ಲ ಅಂದ್ರೆ ಅದು ಗರಾಜಿಗೆ," ಎಂದಳು ವಿಮಲಾ, "ಜೊತೆಗೆ ನೀವೂನು."

ಸಾಫ್ಟ್‌ವೇರಿನ ದೋಷ ಹುಡುಕಿಯೇ ಹೊಟ್ಟೆ ಹೊರೆಯುವ ನಾನು ನಾಲ್ಕಾರು ವಿಡಿಯೊ ನೋಡಿ ಯಂತ್ರಶಾಸ್ತ್ರಪಾರಂಗತನಾಗಿ, ಬೇರಿಂಗು ಸವೆದಿದೆಯೆಂದು ತೀರ್ಪಿತ್ತೆ. ಶನಿವಾರ, ಒಲೆ ತಣ್ಣಗಾದ ಮೇಲೆ ಪ್ಲಗ್ಗು ಕಿತ್ತು, ಹಿಂಬದಿಯ ತಗಡು ಬಿಚ್ಚಿ, ಬ್ಲೋವರನ್ನು ಹೊರಗೆಳೆದು ಪೇಪರಿನ ಮೇಲೆ ಬೋರಲು ಹಾಕಿದರೆ, ಉದುರಿದ್ದೇನು ಗೊತ್ತೇ? ಅರಿಸಿನ ಹಚ್ಚಿದ ಅಕ್ಕಿಕಾಳುಗಳು! ಜೊತೆಗೆ ಒಣಗಿದ ಸೇವಂತಿಗೆಯ ಎಸಳುಗಳು. ಆಯುಧಪೂಜೆಯಂದು ಕಾರು, ಮಿಕ್ಸಿ, ಲ್ಯಾಪ್‌ಟಾಪುಗಳ ಸಾಲಿನಲ್ಲಿ ಒಲೆಯನ್ನೂ ಸೇರಿಸಿ, ಅದರ ನೆತ್ತಿಯ ಜಾಲರಿಯ ಮೇಲೆ ಅತ್ತೆಯವರು ಮುಷ್ಟಿ ತುಂಬ ಅಕ್ಷತೆ ಹಾಕಿದ್ದರು.

"ಅಯ್ಯೋ ದೇವ್ರೇ, ನೂರ್ಕಾಲ ಚೆನ್ನಾಗಿರ್ಲಿ ಅಂತ ಹಾಕಿದ್ದು ಕಣ್ರೀ!" ಎಂದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹರಸುವ ಕೈಗೆ ಅಳತೆ ಎಲ್ಲಿಂದ ಬರಬೇಕು, ಹೇಳಿ. ನಾನು ಕಾಳುಗಳನ್ನು ಕಸಕ್ಕೆ ಹಾಕಲಾರದೆ ತುಳಸಿಯ ಕುಂಡಕ್ಕೆ ಹಾಕಿದೆ.

ಅಂದು ಸಂಜೆ ಒಲೆ ಬರಿದೇ ಸುಯ್ಯೆಂದಿತು. ಅತ್ತೆಯವರು ಯಾರನ್ನೂ ಕರೆಯದೆ, ಮೊಸಳೆಯ ಮದುವೆಯ ಕಥೆಯನ್ನು ನಿಲ್ಲಿಸಿದ್ದಲ್ಲಿಂದಲೇ ಮೆಲ್ಲಗೆ ಎತ್ತಿಕೊಂಡರು. ಕೋಣೆಯ ಬಾಗಿಲು ತೆರೆಯಿತು. ಹೆಡ್‌ಫೋನು ಕುತ್ತಿಗೆಗೆ ಇಳಿಯಿತು. ಅನಘಾ ಬಂದು ಅಜ್ಜಿಗೆ ಒರಗಿ ಕುಳಿತಳು. ಪಕ್ಕದ ಸೋಫಾದಲ್ಲಿ ವಿಜಯದ ಆಯಾಸಕ್ಕೋ ಹಿತವಾದ ಬಿಸಿಗೋ ನನ್ನ ಕಣ್ಣು ಮುಚ್ಚಿತು.

ಯಾರೋ ಭುಜ ಹಿಡಿದು ಅಲುಗಾಡಿಸಿದರು.

"ಅಪ್ಪಾ, ಗೊರಕೆ ನಿಲ್ಸು! ಅಜ್ಜಿ ಕಥೆ ಕೇಳಿಸ್ತಾ ಇಲ್ಲ."

ಒಂದೇ ಒಂದು ಇಂಗ್ಲಿಷು ಪದವಿಲ್ಲದ ಆರೋಪ! ಸಾಕ್ಷ್ಯ ಕೇಳದೆ, ಸಂತೋಷದಿಂದ ಒಪ್ಪಿಕೊಂಡೆ.