ಫ್ಲಾಪಿ ತೊಳೆದ ಶೀನಪ್ಪಣ್ಣ

"ಈ ಬೀಗ ಬೇಡ ಅಂತ ಆಗಲೇ ಬಡ್ಕೊಂಡೆ ಶೀನಪ್ಪಣ್ಣ! ನಮ್ಮ ಯಂತ್ರ ನಮ್ಮನ್ನೇ ಹೊರಗೆ ಹಾಕಿದೆಯಲ್ಲ, ಬಾಗಿಲಲ್ಲಿ ನಿಂತವಳಿಗೆ ಎಂತ ಹೇಳುವುದು?"

"ನೀನು ಮೊದಲು ಅದರಿಂದ ಕೈ ತೆಗಿ ಮಾರಾಯ. ಎರಡು ಸಲ ಫ್ಲಾಪಿ ತೂರಿಸಿ ಆಯ್ತು. ಮೂರನೆಯದೂ ತಪ್ಪಿದರೆ ಮತ್ತೆ ತೆರೆಯುವುದೇ ಇಲ್ಲ."

ಕಳೆದ ವರ್ಷ ಹಾಗೆ ಕೂಗಿದವನು ನಾನು. ಉತ್ತರ ಕೊಟ್ಟವರು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಶೀನಪ್ಪ ಸಾಲ್ಯಾನರು. ಬಂದರಿನ ನಮ್ಮ ಬೋಟು ಮಾಲೀಕರ ಸಂಘದಲ್ಲಿ ಹದಿನೆಂಟು ವರ್ಷ ಗುಮಾಸ್ತರಾಗಿದ್ದರು. ಯಾವ ಬೋಟಿನಲ್ಲಿ ಯಾರು ಕಡಲಿಗೆ ಹೋದರೆಂಬ ಪಟ್ಟಿಯನ್ನು ಅವರಷ್ಟು ಶ್ರದ್ಧೆಯಿಂದ ಇಟ್ಟವರನ್ನು ನಾನು ಕಂಡಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ನನಗೆ ಹೊಗಳಲು ಬರುವುದಿಲ್ಲ, ನಡೆದದ್ದನ್ನು ಬರೆಯುತ್ತೇನೆ.

ಎಪ್ಪತ್ತೊಂದರಲ್ಲಿ ಹಂಚಿನ ಕಾರ್ಖಾನೆ ಬಿಟ್ಟು, ಉರ್ವದಿಂದ ಸೈಕಲ್ ತುಳಿದುಕೊಂಡು ಬಂದು ಸಂಘ ಸೇರಿದರು. ಐಸ್ ಹೊರುತ್ತಿದ್ದ ನನ್ನನ್ನು ಕಚೇರಿಯೊಳಗೆ ಕರೆತಂದು, ಅರ್ಜಿ ಬರೆಯಲು ಕಲಿಸಿದವರು ಅವರೇ. ಎಂಬತ್ತೇಳರಲ್ಲಿ ಕಂಪ್ಯೂಟರ್ ಬಂದಾಗ ಐವತ್ತಾರರ ವಯಸ್ಸಿನಲ್ಲಿ ಅದನ್ನೂ ಕಲಿತರು. ಪಟ್ಟಿಯನ್ನು ಯಾರೂ ತಿದ್ದಬಾರದೆಂದು ಆಡಳಿತದವರು ಅದಕ್ಕೊಂದು ಕಾವಲಿನ ಪ್ರೋಗ್ರಾಂ ಹಾಕಿಸಿದರು. ಯಂತ್ರ ತೆರೆಯಲು ಗುರುತಿನ ಫ್ಲಾಪಿಯೊಂದನ್ನು ತೂರಿಸಬೇಕು. ಮೂರು ಸಲ ಅದು ಓದಿಸಿಕೊಳ್ಳದಿದ್ದರೆ ಎಲ್ಲವೂ ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಹೊರಡುವವರ ಹೆಸರು ಬರೆದುಕೊಂಡ ಚೀಟಿಗಳನ್ನು ಇನ್ನು ಯಂತ್ರಕ್ಕೆ ಏರಿಸಿದ ಮೇಲೆ ಹರಿದುಹಾಕಿ ಎಂಬ ಆಜ್ಞೆಯೂ ಬಂತು.

ಮರುವರ್ಷ ಆಯುಧಪೂಜೆಗೆ ಎರಡು ದಿನ ಮೊದಲು ಹೊರಟ ಎರಡು ಬೋಟುಗಳು ಬಿರುಗಾಳಿಗೆ ಸಿಕ್ಕಿದವು. ಪೂಜೆಯ ಮರುದಿನ ಬೆಳಿಗ್ಗೆ ಒಂದರ ಒಡೆದ ಹಲಗೆ, ಹೆಸರಿನ ಸಮೇತ, ದಡಕ್ಕೆ ಬಂತು. ಇನ್ನೊಂದು ಕಾರವಾರ ಸೇರಿದೆ ಎಂಬ ಸುದ್ದಿಯ ಬೆನ್ನಿಗೇ ಫೋನು ಸತ್ತಿತು. ಕೊನೆಯ ಗಳಿಗೆಯಲ್ಲಿ ಬೋಟು ಬದಲಿಸಿ ಹತ್ತುವುದು ಬೋಟುಗಳು ತಂಗುವ ದಕ್ಕೆಯಲ್ಲಿ ಮಾಮೂಲು. ಮೀನು ಮಾರುವ ಬಾಗಿ ಬುಟ್ಟಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಗಂಡ ಜಯ ಯಾವ ಬೋಟಿಗೆ ಹತ್ತಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಆ ಯಂತ್ರಕ್ಕೆ ಮಾತ್ರ.

ಶೀನಪ್ಪಣ್ಣ ಫ್ಲಾಪಿಯನ್ನು ಬೆಳಕಿಗೆ ಹಿಡಿದರು. ಅದರ ಸೀಳಿನೊಳಗೆ ಗಂಧ, ಕುಂಕುಮ.

"ಇದಕ್ಕೂ ಪೂಜೆ ಮಾಡಿದ್ದು ಯಾರು?"

ತಕ್ಕಡಿಗೆ, ಟೈಪ್‌ರೈಟರಿಗೆ ಹಚ್ಚಿದ ಹಾಗೆಯೇ ಅದಕ್ಕೂ ಹಚ್ಚಿದವನು ನಾನು. ಅಷ್ಟು ಹೊತ್ತು ಕೂಗಿದ ನಾನು ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಬ್ಲೇಡಿನಿಂದ ಹೊದಿಕೆ ಸೀಳಿ, ಒಳಗಿನ ತೆಳುವಾದ ಕಪ್ಪು ತಟ್ಟೆಯನ್ನು ಹೊರತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಹತ್ತಿಯಿಂದ ಒತ್ತಿ ಒಣಗಿಸಿ, ಹೊಸ ಫ್ಲಾಪಿಯೊಂದರ ಹೊದಿಕೆಯೊಳಗೆ ಸೇರಿಸಿದರು.

"ಇನ್ನೂ ಎಂತ ಮಾಡ್ತಿದ್ದೀರಿ ಅಣ್ಣ?" ಎಂದಳು ಬಾಗಿ.

"ಯಂತ್ರ ಕೆಟ್ಟಿದೆ ಬಾಗಿ. ಬೇರೆ ಯಾರದೂ ತಪ್ಪಿಲ್ಲ."

ಮೂರನೆಯ ಸಲ ತೂರಿಸಿದರು. ಯಂತ್ರ ಕಿರುಗುಟ್ಟಿ ತೆರೆಯಿತು.

ನನ್ನ ತಪ್ಪನ್ನು ಅವರು ಇಂದಿನವರೆಗೂ ಯಾರಿಗೂ ಹೇಳಲಿಲ್ಲ. ಅವರ ಈ ಅಭಿನಂದನ ಗ್ರಂಥದಲ್ಲಿ ನಾನೇ ಹೇಳುತ್ತಿದ್ದೇನೆ. ಅಂದಿನಿಂದ ಅವರು ಆಜ್ಞೆ ಮೀರಿ ಒಂದೊಂದು ಚೀಟಿಯನ್ನೂ ಉಳಿಸಿಕೊಂಡು ಬಂದರು. ಅವರು ನೂರು ವರ್ಷ ಬಾಳಲಿ. ನಿವೃತ್ತಿಯ ಮೇಲೂ ದಕ್ಕೆಗೆ ಬಂದು, ಕಡಲಿಗೆ ಇಳಿಯುವವರ ಹೆಸರು ಕೇಳಿ ಬರೆದುಕೊಳ್ಳಲಿ.

ಅಂದು ಜಯನ ಹೆಸರು ಒಡೆದ ಬೋಟಿನ ಪಟ್ಟಿಯಲ್ಲಿತ್ತು. ಶೀನಪ್ಪಣ್ಣ ಎದ್ದು ನಿಂತು ಓದಿದರು.

"ಇನ್ನೊಂದು ಸಲ ಓದಿ," ಎಂದಳು ಬಾಗಿ.

ಓದಿದರು. ಅವಳು ಬುಟ್ಟಿಯನ್ನು ಅವರ ಮೇಜಿನ ಕೆಳಗೆ ಇಟ್ಟು ಮೆಟ್ಟಿಲಿಳಿದು ಹೋದಳು. ದಕ್ಕೆಗೆ ಮತ್ತೆ ಬರಲಿಲ್ಲ.