ಬಂಗಾರದ ಕೇದಿಗೆಯ ವಾಸನೆ

ಕಾದಂಬರಿಗಳ ಬಗ್ಗೆ ಪಾಠ ಹೇಳುವವರು ಅವನ್ನು ಮತ್ತೆ ಮತ್ತೆ ಓದಬಾರದು. ಓದಿದರೆ ನನ್ನ ಗತಿಯಾಗುತ್ತದೆ.

ನಾನು ಎಂ.ಎ. ಓದುವಾಗ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಪಠ್ಯವಾಗಿತ್ತು. ಶ್ರೀಮಂತ ವ್ಯಾಪಾರಿಯ ಹೆಂಡತಿಯೊಬ್ಬಳು ತೋಟದ ಗುಲಾಬಿಗಳನ್ನು ಬಾಡಲು ಬಿಟ್ಟು ಒಡವೆಗೆ ಮನಸೋಲುತ್ತಾಳೆ. ಒಂದು ಸಂಜೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಗಂಡ ತಂದ ಬಂಗಾರದ ಹೂವನ್ನು ಮೂಸುತ್ತಾಳೆ. ಈ ಒಂದು ಪ್ರಸಂಗ ಹಿಡಿದು ಸಿಂಧನೂರಿನ ಕಾಲೇಜಿನಲ್ಲಿ ಎಷ್ಟೋ ವರ್ಷ ಪಾಠ ಮಾಡಿದೆ: ಹೂವೆಂದರೆ ಪ್ರೀತಿ, ಬಂಗಾರವೆಂದರೆ ಭೋಗ, ಭೋಗಕ್ಕೆ ವಾಸನೆಯಿಲ್ಲ. ಹುಡುಗರು ಅದನ್ನೇ ಪರೀಕ್ಷೆಯಲ್ಲಿ ಬರೆದರು. ಮೆಚ್ಚಿ ಅಂಕ ಕೊಟ್ಟವನೂ ನಾನೇ.

ಮೊನ್ನೆ ಮತ್ತೆ ಓದಿದೆ. ಗುಲಾಬಿಗಳಿವೆ, ಒಡವೆಗಳಿವೆ. ಬಂಗಾರದ ಹೂವೇ ಇಲ್ಲ. ಬೇರೆ ಪ್ರತಿ ತರಿಸಿ ಹುಡುಕಿದೆ, ಅಲ್ಲೂ ಇಲ್ಲ.

ಹಾಗಾದರೆ ಮೂಸಿದವಳು ಯಾರು? ಕಣ್ಣು ಮುಚ್ಚಿ ಕೂತೆ. ನಗಬೇಡಿ, ಆ ಇಂಗ್ಲಿಷ್ ಹೆಂಗಸಿನ ಹಣೆಯಲ್ಲಿ ವಿಭೂತಿ ಕಂಡಿತು.

ನಮ್ಮವ್ವ ಕೇದಿಗೆ ಮುಡಿಯುತ್ತಿದ್ದಳಂತೆ. ನಮ್ಮೂರು ಮುಕ್ಕುಂದದ ಹೊಲದಲ್ಲಿ ಭತ್ತ ಕೈಹಿಡಿದ ವರ್ಷ ಅಪ್ಪ ಅವಳ ಜಡೆಗೆ ಬಂಗಾರದ ಕೇದಿಗೆ ಮಾಡಿಸಿದ. ಅವ್ವ ಹೋದಾಗ ನಾನಿನ್ನೂ ಚಿಕ್ಕವನು. ಹಣೆಗೆ ವಿಭೂತಿ ಹಚ್ಚಿ ಫೋಟೋದಲ್ಲಿ ಅಲುಗಾಡದೆ ಕೂತ ಅವ್ವನನ್ನು ಬಿಟ್ಟರೆ ನನ್ನ ಬಳಿ ಬೇರೆ ಅವ್ವ ಇಲ್ಲ. ನಾನು ಕಾದಂಬರಿಯದೆಂದುಕೊಂಡ ಆ ಸಂಜೆ ನಮ್ಮ ಮನೆಯದೇ ಆಗಿದ್ದರೆ, ಕೈಯೆತ್ತಿ ಹೂವು ಮೂಸುವ ಅವ್ವ ನನಗೆ ಸಿಗುತ್ತಾಳೆ.

ಕೇಳಲು ಉಳಿದವಳು ಅಕ್ಕ ಒಬ್ಬಳೇ. ಬಸ್ಸು ಹತ್ತಿ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋದೆ. ದಾರಿಯುದ್ದಕ್ಕೂ ನನ್ನ ವಿಶ್ವವಿದ್ಯಾಲಯದ ಬುದ್ಧಿ ಗೊಣಗುತ್ತಲೇ ಇತ್ತು: ಪುಸ್ತಕಕ್ಕೆ ಅಂಟಿಸಿದ ಸುಳ್ಳನ್ನು ಕಿತ್ತು ಈಗ ತಾಯಿಗೆ ಅಂಟಿಸಲು ಹೊರಟೆಯಾ?

ಅಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಅಕ್ಕಾ, ಅವ್ವ ಬಂಗಾರದ ಕ್ಯಾದಗಿ ಮೂಸಿ ನೋಡ್ತಿದ್ಲೇನು?”

“ಬಂಗಾರ ಯಾರರ ಮೂಸ್ತಾರೇನಲೇ? ಅಪ್ಪ ನಿನ್ನ ಇಷ್ಟು ಓದಿಸಿದ್ದು ಇದಕ್ಕೇನು?”

“ಖರೇ ಹೇಳು.”

ಅವಳ ಕೈ ನಿಂತಿತು. “ಅದನ್ನ ಮಾಡಿಸಿದಾಗ ನಾ ಲಗ್ನ ಆಗಿ ಈ ಮನಿಗೆ ಬಂದಿದ್ದೆ. ಅವ್ವನ ಜೋಡಿ ಮನ್ಯಾಗ ಇದ್ದಾಂವ ನೀನ. ನನ್ನ ಏನ ಕೇಳಾಕತ್ತಿ?”

ಹೋಯಿತು. ಉಳಿದ ಸಾಕ್ಷಿ ನಾನೊಬ್ಬನೇ, ಆ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಅಕ್ಕ ತಲೆಯೆತ್ತದೆ, ಸಣ್ಣ ದನಿಯಲ್ಲಿ ಕೇಳಿದಳು:

“ಮೂಸುವಾಗ ಹ್ಯಾಂಗ ಕಾಣ್ತಿದ್ಲಪಾ? ನಗತಿದ್ಲೇನು?”

ಆಧಾರವಿಲ್ಲದೆ ಒಂದು ಮಾತೂ ಆಡಬಾರದೆಂದು ಹುಡುಗರಿಗೆ ಹೇಳುವವನು ನಾನು.

“ಹೂಂ, ನಗತಿದ್ಲು,” ಎಂದೆ.

ಹೇಳಿಯಾದ ಮೇಲೆ ನೋಡಿದರೆ, ಹೌದು, ನಗುತ್ತಿದ್ದಳು.