ಸತ್ತವನಿಗೆ ಹೆಣ್ಣು ಕೊಡುವ ಮಾತು

ನಾನು ಮರುಳಾದದ್ದು ಸತ್ತು ಮುನ್ನೂರು ವರ್ಷವಾದ ಗಂಡಸಿಗೆ. ಆ ಹೊತ್ತಿಗೆ ನನಗೆ ಮದುವೆಯಾಗಿ ಬಹಳ ವರ್ಷಗಳಾಗಿದ್ದವು. ಮನೆ ಮೂಡಲಗಿಯಲ್ಲಿ, ಕೆಲಸ ಗೋಕಾಕದ ಒಂದು ಖಾಸಗಿ ದವಾಖಾನೆಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಫೋನಿನಲ್ಲಿ ಒಂದು ಧಾರಾವಾಹಿ ಕಥೆ ಕೇಳುತ್ತಿದ್ದೆ. ಯಾರೋ ಹೆಂಗಸು ಓದುತ್ತಿದ್ದಳು. ಬರೆದವರ ಹೆಸರು ಇರಲಿಲ್ಲ, ಓದಿದವರ ಹೆಸರೂ ಇರಲಿಲ್ಲ. ದನಿ ಮಾತ್ರ ಬೆಣ್ಣೆಯಂಥದು.

ಕಥೆಯ ಹುಡುಗಿ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವಳು. ಊರ ಹೊರಗೆ ಒಂದು ಪಾಳು ವಾಡೆ, ಹಳೇ ಕಾಲದ ದೇಸಾಯರ ದೊಡ್ಡ ಮನೆ. ಅಲ್ಲಿ ಯಾರೂ ವಾಸವಿಲ್ಲ, ಆದರೂ ಮೀಟರ್ ತಿರುಗುತ್ತದೆ. ಯಾಕೆಂದು ನೋಡಲು ಒಳಗೆ ಹೋದರೆ ಅಲ್ಲೊಬ್ಬ ಜರಿ ಪೇಟದ ಸುಂದರ, ಸತ್ತವನು, ದೀಪ ಹಚ್ಚಿಕೊಂಡು ಪುಸ್ತಕ ಓದುತ್ತ ಕುಳಿತಿದ್ದಾನೆ. ಅವನ ಆಹಾರ ಮನುಷ್ಯರ ರಕ್ತ. ಆದರೆ ಕೇಳದೆ ಕುಡಿಯುವವನಲ್ಲ. ‘ಅಪ್ಪಣೆಯಿದ್ದರೆ ಒಂದಿಷ್ಟು’ ಎಂದು ತಲೆ ತಗ್ಗಿಸಿ ಕೇಳುತ್ತಾನೆ. ದಿನವೂ ಸೂಜಿ ಹಿಡಿದು ಮಂದಿಯ ರಕ್ತ ತೆಗೆಯುವ ನನಗೆ ಆ ವಿನಯ ಕೇಳಿ ಕಣ್ಣಲ್ಲಿ ನೀರು ಬಂದಿತ್ತು. ಮರುದಿನದಿಂದ ನಾನೂ ರೋಗಿಗಳಿಗೆ ‘ಅಪ್ಪಣಿ ಐತೇನ್ರಿ?’ ಎಂದು ಕೇಳತೊಡಗಿದೆ. ಒಬ್ಬ ಮುದುಕಪ್ಪ ‘ಇಲ್ಲ’ ಎಂದು ಎದ್ದು ಹೋಗಿಬಿಟ್ಟ. ಡಾಕ್ಟರು ನನ್ನನ್ನು ಕರೆದು, ಅಷ್ಟೆಲ್ಲ ಕೇಳುವುದು ಬೇಡ ಅಂದರು.

ಆ ವಾಡೆಯವನಲ್ಲಿ ನನಗೆ ಹಿಡಿಸಿದ್ದು ಅವನ ರೂಪವಲ್ಲ. ಹುಡುಗಿ ಬಂದ ಕೂಡಲೇ ಅವನು, ‘ಇವತ್ತು ನಿನ್ನ ದಿನ ಹೇಗಿತ್ತು?’ ಎಂದು ಕೇಳುತ್ತಿದ್ದ. ಕೇಳಿ ಸುಮ್ಮನಾಗದೆ ಉತ್ತರ ಮುಗಿಯುವ ತನಕ ಅವಳ ಮುಖವನ್ನೇ ನೋಡುತ್ತಿದ್ದ. ಯಾವ ಮನೆಯ ನಾಯಿ ಬೊಗಳಿತು, ಯಾರು ಬಿಲ್ ನೋಡಿ ಬೈದರು, ಎಲ್ಲ ಅವನಿಗೆ ಬೇಕು. ನನ್ನ ಗಂಡ ಒಳ್ಳೆಯವರೇ, ಆದರೆ ಟಿವಿ ನೋಡುತ್ತ ಮಾತು ಕೇಳುವವರು. ಒಮ್ಮೆ ಅವರಿಗೆ ಈ ವಾಡೆಯವನ ಗುಣಗಾನ ಮಾಡಿದೆ. ಅವರು ಶೇಂಗಾ ಸುಲಿಯುತ್ತಿದ್ದರು.

‘ಸತ್ತ ಮ್ಯಾಲ ಎಲ್ಲಾರೂ ಛಲೋನ ಆಗ್ತಾರ. ನಾನೂ ಆಗ್ತೀನಿ, ತಡಿ’ ಅಂದರು.

ಕಥೆಯಲ್ಲಿ ಇನ್ನೊಬ್ಬನಿದ್ದ. ಕುರಿ ಕಾಯುವ ಮನೆತನದ ಗಟ್ಟಿಮುಟ್ಟಾದ ಹುಡುಗ, ಹುಣ್ಣಿಮೆ ಬಂತೆಂದರೆ ತೋಳವಾಗುತ್ತಿದ್ದ. ಕುರಿಯವರ ಮನೆಯಲ್ಲೇ ತೋಳ ಹುಟ್ಟಿದರೆ ಕುರಿಗಳ ಪಾಡು ಏನೆಂದು ಬರೆದವರು ಚೆನ್ನಾಗಿಯೇ ಬರೆದಿದ್ದರು. ಅವನೂ ಆ ಹುಡುಗಿಯನ್ನು ಇಷ್ಟಪಟ್ಟಿದ್ದ. ಮಾತು ಕಡಿಮೆ. ಅವಳ ಗಾಡಿ ಪಂಕ್ಚರಾದರೆ ಸುಮ್ಮನೆ ಬಂದು ತಳ್ಳಿಕೊಡುವವನು. ನನಗೆ ಅವನ ಬಗ್ಗೆ ಸಿಟ್ಟಿರಲಿಲ್ಲ, ಅಷ್ಟಾಗಿ ಅಕ್ಕರೆಯೂ ಇರಲಿಲ್ಲ. ಅವನು ಮಾತಾಡುವ ಕಡೆ ನಾನು ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತಿದ್ದೆ.

ಹೀಗೆ ಎಲ್ಲ ನನ್ನ ಕಿವಿಯೊಳಗೇ ನಡೆದಿತ್ತು. ಅಷ್ಟರಲ್ಲಿ ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಟಿವಿ ನೋಡುವಂತಿಲ್ಲ, ಒಲೆ ಮುಂದೆ ಕೂರುವಂತಿಲ್ಲ. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತು ಬೇಸರದಿಂದ ಎಲ್ಲರನ್ನೂ ಬೈಯುತ್ತಿದ್ದರು. ಪಾಪ ಎನ್ನಿಸಿ, ರಜೆಯ ದಿನ ನನ್ನ ಫೋನಿನಲ್ಲಿ ಮೊದಲ ಸಂಚಿಕೆ ಹಚ್ಚಿಕೊಟ್ಟೆ. ಸಂಜೆಯ ಹೊತ್ತಿಗೆ ಹಳೆಯ ಫೋನೊಂದನ್ನು ರಿಪೇರಿ ಮಾಡಿಸಿ ಅವರಿಗೇ ಕೊಡಬೇಕಾಯಿತು.

ಅತ್ತೆ ಅದನ್ನು ಕಥೆಯೆಂದು ಕೇಳಲಿಲ್ಲ. ಬಾಜೂ ಊರಿನ ಸುದ್ದಿಯೆಂದು ಕೇಳಿದರು.

‘ಆ ವಾಡೇದಾಂವಗ ತಾಯಿ ಅದಾಳೇನ?’ ಎಂದು ಕೇಳಿದರು ಒಂದು ದಿನ.

‘ಇಲ್ರಿ ಅತ್ತ್ಯಾರ, ಮುನ್ನೂರು ವರ್ಷದ ಹಿಂದ ತೀರಕೊಂಡಾಳ.’

‘ಇಂವಾ ಸತ್ತಾನ, ಮತ್ತ ಇಲ್ಲೇ ಅದಾನ. ತಾಯಿ ಯಾಕ ಹ್ವಾದಳು? ಮಗನ ಕಾಟ ತಾಳಲಾರದ ಹೋಗಿರಬೇಕ.’

ಅಂದಿನಿಂದ ನಮ್ಮ ಮನೆ ಎರಡಾಯಿತು. ನಾನು ವಾಡೆಯ ಕಡೆ, ಅತ್ತೆ ತೋಳದ ಕಡೆ. ಅವರ ವಾದ ಸರಳವಾಗಿತ್ತು. ಹುಡುಗನಿಗೆ ಕುರಿ ಇವೆ, ತಾಯಿ ಇದ್ದಾಳೆ, ರೊಟ್ಟಿ ತಿನ್ನುತ್ತಾನೆ, ಬಿಸಿಲಲ್ಲಿ ದುಡಿಯುತ್ತಾನೆ. ‘ಅಂವ ತ್ವಾಳ ಆಗ್ತಾನಲ್ರಿ!’ ಅಂದರೆ, ‘ತಿಂಗಳದಾಗ ಒಂದಿನ ತ್ರಾಸ ಯಾರಿಗಿಲ್ಲ?’ ಎಂದು ಬಾಯಿ ಮುಚ್ಚಿಸುತ್ತಿದ್ದರು. ನಾನು ಸಿಟ್ಟಿನಿಂದ ಪಲ್ಲೆಗೆ ಖಾರ ಜಾಸ್ತಿ ಹಾಕುತ್ತಿದ್ದೆ. ನನ್ನ ಗಂಡ ನೀರು ಕುಡಿಯುತ್ತ, ‘ಅವರಿಬ್ಬರೂ ನಮ್ಮ ಮನ್ಯಾಗ ಊಟಕ್ಕ ಬರೂದಿಲ್ಲ, ನನಗ್ಯಾಕ ಖಾರ?’ ಅನ್ನುತ್ತಿದ್ದರು.

ಅತ್ತೆ ಗಿರಣಿಗೆ ಹೋದಲ್ಲಿಯೂ ಇದೇ ಮಾತು ಆಡಿದರು. ‘ಹುಡುಗ ಹುಣ್ಣಿಮಿಗೊಮ್ಮಿ ತ್ವಾಳ ಆಗ್ತಾನ, ಉಳದಂಗ ಬಂಗಾರದಂಥಾಂವ’ ಎಂದರಂತೆ. ಎರಡು ದಿನಕ್ಕೆ ಹಿಂದಿನ ಓಣಿಯ ಹೆಂಗಸೊಬ್ಬಳು ಮನೆಗೆ ಬಂದು ಕುಳಿತಳು. ನಮ್ಮ ಸಂಬಂಧಿಕರ ಪೈಕಿ ಯಾರಿಗೋ ಗಂಡು ನೋಡಿದ್ದೇವೆಂದು ತಿಳಿದಿದ್ದಳು.

‘ಹುಣ್ಣಿಮಿ ಅಮಾಸಿಗೆ ಹಂಗ ಆಗೂದು ನಮ್ಮ ಮೈದುನಗೂ ಇತ್ರಿ. ಮಮದಾಪುರದಾಗ ಒಬ್ಬರು ಔಷಧಿ ಕೊಡ್ತಾರ. ಲಗ್ನಕ್ಕ ಮೊದಲ ಕುಡಸ್ರಿ’ ಅಂದಳು.

ನಾನು ನಗು ತಡೆದುಕೊಂಡು ಒಳಗೆ ಹೋದೆ. ಅತ್ತೆ ನಗಲಿಲ್ಲ. ‘ಮನುಷ್ಯಾರಿಗೆ ಕೊಡೂದು ಬ್ಯಾರೆ, ತ್ವಾಳಕ್ಕ ಕೊಡೂದು ಬ್ಯಾರೆ ಇರ್ತೈತೇನವಾ?’ ಎಂದು ವಿಚಾರಿಸುತ್ತಿದ್ದರು.

ಇಷ್ಟರಲ್ಲಿ ಕಥೆ ನಿಂತುಬಿಟ್ಟಿತು. ಕೊನೆಯ ಸಂಚಿಕೆಯಲ್ಲಿ ಇಬ್ಬರೂ ಗಂಡುಗಳು ಒಂದೇ ದಿನ, ಬೆಳಕು ಹರಿಯುವ ಮೊದಲೇ, ಹುಡುಗಿಯ ಮನೆಗೆ ಬಂದು ಎದುರುಬದುರು ಕುಳಿತಿದ್ದರು. ಹುಡುಗಿ ಟ್ರೇದಲ್ಲಿ ಚಹ ತಗೊಂಡು ಪಡಸಾಲೆಗೆ ಬಂದಳು. ಯಾರಿಗೆ ಮೊದಲು ಕೊಡುತ್ತಾಳೋ ಅವನೇ ಗಂಡ. ಅಲ್ಲಿಗೆ ಮುಗಿಯಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಮುಂದಿನ ಸಂಚಿಕೆ ಇಲ್ಲ. ನಾನು ಬಸ್ಸಿನಲ್ಲಿ ಸುಮ್ಮನೆ ಕೂರುತ್ತಿದ್ದೆ. ಅತ್ತೆ ಮಾತ್ರ ರೊಟ್ಟಿ ಮುರಿಯುವಾಗಲೂ, ‘ಆ ಪೋರಿ ಇನ್ನೂ ಟ್ರೇ ಹಿಡಕೊಂಡ ನಿಂತಾಳಲ್ಲವಾ, ಕೈ ನೋಯೂದಿಲ್ಲೇನ? ಚಾ ಆರಿ ನೀರಾಗಿರ್ತೈತಿ’ ಎಂದು ಮರುಗುತ್ತಿದ್ದರು.

ಒಂದು ಬೆಳಿಗ್ಗೆ ಲ್ಯಾಬಿಗೆ ಗಂಡ ಹೆಂಡತಿ ಬಂದರು. ಇಬ್ಬರಿಗೂ ವಯಸ್ಸಾಗಿತ್ತು. ಗಂಡನಿಗೆ ಸಕ್ಕರೆ ರೋಗದ ತಪಾಸಣೆ. ನಾನು ತೋಳಿಗೆ ಪಟ್ಟಿ ಕಟ್ಟಿ ಸೂಜಿ ಚುಚ್ಚಿದೆ, ಸಿರಿಂಜಿನಲ್ಲಿ ರಕ್ತ ಏರಿತು, ಆ ಮನುಷ್ಯ ಅದನ್ನು ನೋಡಿದವನೇ ಕುರ್ಚಿಯಿಂದ ಜಾರಿ ಕೆಳಗೆ ಬಿದ್ದ. ನಾವೆಲ್ಲ ಓಡಾಡಿ ನೀರು ಹೊಡೆದು ಎಬ್ಬಿಸಿದೆವು. ಹೆಂಡತಿ ಗಾಬರಿಯಾಗಲಿಲ್ಲ. ಸೆರಗಿನಿಂದ ಗಾಳಿ ಹಾಕುತ್ತ, ‘ಹಿಂಗ ಆಗ್ತೈತ್ರಿ ಇಂವಂದು. ರಿಪೋರ್ಟ್ ಯಾವಾಗ ಸಿಗ್ತಾವ್ರಿ?’ ಎಂದು ಕೇಳಿದಳು.

ನನ್ನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಆ ದನಿ! ತಿಂಗಳುಗಟ್ಟಲೆ ನನ್ನ ಕಿವಿಯೊಳಗೆ ವಾಸವಾಗಿದ್ದ ದನಿ ನನ್ನ ಎದುರಿಗೆ ನಿಂತು ರಿಪೋರ್ಟ್ ಕೇಳುತ್ತಿತ್ತು.

‘ಅಕ್ಕಾರ, ಆ ಮೀಟರ್ ಹುಡುಗಿ ಕಥಿ ಓದಾವರು ನೀವ ಅಲ್ಲೇನ್ರಿ?’

ಆಕೆ ಅತ್ತಿತ್ತ ನೋಡಿ ನಾಚಿಕೊಂಡಳು. ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ ಗಂಡನತ್ತ ಕೈ ತೋರಿಸಿ, ‘ಬರ್ಯಾಂವ ಇಂವಾ. ಪುಟಗಟ್ಟಲೆ ರಕ್ತ ಬರೀತಾನ, ಕಣ್ಣೀಲೆ ನೋಡಿದ್ರ ಬೀಳ್ತಾನ’ ಅಂದಳು.

ಅವರು ಬೆಲ್ಲದ ಬಾಗೇವಾಡಿಯವರು. ಲಗ್ನ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವುದು ಅವರ ಉದ್ಯೋಗ. ಮನೆಯಲ್ಲಿ ಮೈಕು ಇತ್ತು, ಹೆಂಡತಿಯ ದನಿ ಚೆನ್ನಾಗಿತ್ತು, ಹಾಗೆ ಶುರುವಾಗಿತ್ತು ಕಥೆ. ಯಾಕೆ ನಿಂತಿತು ಎಂದು ಕೇಳಿದೆ. ‘ಹುಡುಗೀನ್ನ ಸತ್ತಾಂವಗ ಕೊಡಾಂವ ಅದಾನ ಇಂವಾ. ನಾ ಓದೂದಿಲ್ಲ ಅಂತ ಹೇಳೀನಿ’ ಅಂದಳು ಹೆಂಡತಿ. ಗಂಡ ಮುಖ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿದ.

ಮನೆಗೆ ಹೋಗಿ ಅತ್ತೆಗೆ ಹೇಳಿದ್ದೇ ತಡ, ಬರುವ ರವಿವಾರವೇ ಹೋಗುವುದೆಂದು ನಿಶ್ಚಯವಾಯಿತು. ಅತ್ತೆ ಒಳ್ಳೆಯ ಇಳಕಲ್ ಸೀರೆ ಉಟ್ಟರು. ಚೀಲದಲ್ಲಿ ತೆಂಗಿನಕಾಯಿ, ಕುಬಸದ ಖಣ, ನಾನು ಗೋಕಾಕದಿಂದ ತಂದ ಕರದಂಟಿನ ಡಬ್ಬಿ.

‘ಇಷ್ಟೆಲ್ಲಾ ಯಾಕ್ರಿ?’ ಎಂದೆ.

‘ಹುಡುಗಿ ಕಡೀ ಮಂದಿ ನಾವು. ಕೈಬೀಸಿ ಹೋಗಾಕ ಬರ್ತೈತೇನ?’

ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹೋದೆವು. ಅವರ ಮನೆಯ ಮುಂದೆ ಸ್ಪೀಕರ್ ಡಬ್ಬಿಗಳು ಆಳೆತ್ತರ ಪೇರಿಸಿದ್ದವು. ಒಳಗೆ ಜಮಖಾನೆ ಹಾಸಿದರು. ಅತ್ತೆ ನಡುವೆ ಕುಳಿತು ಗಂಟಲು ಸರಿಮಾಡಿಕೊಂಡು, ‘ಮೊದಲ ವಾಡೇದವರ ಕಡೀಂದ ಯಾರು ಮಾತಾಡಾವರು?’ ಅಂದರು.

ಬರೆದಾತ ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ, ಕಡೆಗೆ ಕೈ ಕಟ್ಟಿಕೊಂಡು, ‘ನಾನರಿ ಅವ್ವಾರ’ ಅಂದ.

‘ಹುಡುಗ ಹಗಲಿನ್ಯಾಗ ಹೊಲಕ್ಕ ಹೋಗ್ತಾನೇನ?’

‘ಹಗಲ ಹೊರಗ ಬರೂದಿಲ್ರಿ. ಬಿಸಲ ಬಿದ್ದರ ಬೂದಿ ಆಗ್ತಾನ.’

‘ಹಂಗಾರ ರೇಷನ್ ತರಾವರ್ಯಾರು? ಸಂತಿಗೆ ಹೋಗಾವರ್ಯಾರು? ನಮ್ಮ ಹುಡುಗಿ ಮೀಟರೂ ಓದಬೇಕು, ಸಂತಿನೂ ಮಾಡಬೇಕು, ಮ್ಯಾಲ ಅವಗ ರಕ್ತಾನೂ ಕೊಡಬೇಕು! ಅಕೀಗೆ ಏನ ಉಳೀತು?’

ಆತ ಸ್ಪೀಕರ್ ವಾಯರಿನ ತುದಿ ಕೆರೆಯುತ್ತ ಕುಳಿತ. ಅತ್ತೆ ಆತನ ಹೆಂಡತಿಯ ಕಡೆ ತಿರುಗಿದರು. ತೋಳದ ಕಡೆಯವಳು ಅವಳು. ‘ನಿಮ್ಮ ಹುಡುಗನ ಕುರಿ ಹೆಂಗದಾವ ತಂಗಿ?’

ಆಕೆಗೆ ಸುಳ್ಳು ಹೇಳಲಾಗಲಿಲ್ಲ. ‘ಹುಣ್ಣಿಮಿಗೆ ಒಂದೊಂದ ಕಡಿಮಿ ಆಗ್ತಾವ್ರಿ.’

‘ಮಂದೀ ಕುರಿಗೆ ಬಾಯಿ ಹಾಕ್ಯಾನೇನ?’

‘ಇಲ್ಲಬೇ. ಒಮ್ಮಿನೂ ಇಲ್ಲ. ತಮ್ಮ ಮನಿ ಕುರೀನ ತಿಂತಾನ.’

‘ಮತ್ತ! ನಿಯತ್ತಿನ ಹುಡುಗ’ ಎಂದು ಅತ್ತೆ ನನ್ನ ಕಡೆ ನೋಡಿ ತೊಡೆ ತಟ್ಟಿದರು.

ನನಗೆ ತಡೆಯಲಾಗಲಿಲ್ಲ. ಹಿರಿಯರ ಮುಂದೆ ದನಿ ಎತ್ತಬಾರದೆಂಬುದೂ ಮರೆತು, ‘ಆದ್ರ ತ್ವಾಳ ಒಮ್ಮೆರ ಅಕೀನ್ನ ಕೇಳ್ಯಾನೇನ್ರಿ, ಇವತ್ತ ಹೆಂಗಿತ್ತ ನಿನ್ನ ದಿನಾ ಅಂತ? ಸತ್ತಾಂವ ದಿನಾ ಕೇಳ್ತಾನ! ಕುಂತ ಕೇಳ್ತಾನ!’ ಎಂದುಬಿಟ್ಟೆ. ಹೇಳುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಯಾರದೋ ಕಥೆಯ ಪ್ರೇತಕ್ಕಾಗಿ ಯಾರದೋ ಮನೆಯಲ್ಲಿ ಅಳುವುದು ಎಂದರೆ ಏನು! ನಾಚಿಕೆಯಾಗಿ ಕರದಂಟಿನ ಡಬ್ಬಿ ತೆಗೆಯುವ ನೆಪ ಮಾಡಿದೆ.

ಆಮೇಲೆ ಆ ಬೆಣ್ಣೆ ದನಿಯವಳು ನಿಧಾನವಾಗಿ ಅಂದಳು: ‘ಆ ಮಾತು ಎಷ್ಟ ಸಲ ಓದೀನೋ ನನಗ ಗೊತ್ತಿಲ್ಲ. ಮೈಕಿನ ಮುಂದ ನಾನ ಓದ್ತೀನಿ, ನಾನ ಕೇಳಸ್ಕೋತೀನಿ. ಬರದಾಂವ ಹೊರಗ ಬಂದ್ರ, ಚಾ ಆತೇನ ಅಂತಾನ. ಲಗ್ನಾದಾಗಿಂದ ಇಷ್ಟ. ಅದಕ್ಕ ನನಗ ಸತ್ತಾಂವನ ಮ್ಯಾಲ ಸಿಟ್ಟ. ತ್ವಾಳ ಛಲೋ, ಮಾತಾಡೂದಿಲ್ಲ, ಆಶಾನೂ ಹಚ್ಚೂದಿಲ್ಲ.’

ಬರೆದಾತ ತಲೆ ತಗ್ಗಿಸಿ ಜಮಖಾನೆಯ ಅಂಚು ನೋಡಿದ. ನಂತರ ನಾವಿಬ್ಬರೂ ಅಲ್ಲಿಲ್ಲವೇನೋ ಎಂಬಂತೆ ಹೆಂಡತಿಯ ಕಡೆ ತಿರುಗಿದ. ಲ್ಯಾಬಿನಲ್ಲಿ ರಕ್ತ ನೋಡಿದಾಗಿನ ಹಾಗೆ ಬೆವೆತಿದ್ದ.

‘ಇವತ್ತ… ಹೆಂಗಿತ್ತ ನಿನ್ನ ದಿನಾ?’

‘ಏ, ಬೀಗರು ಕುಂತಾರ! ಅವರು ಹ್ವಾದ ಮ್ಯಾಲ ಕೇಳು’ ಎಂದು ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಎದ್ದು ಹೋದಳು. ಒಳಗಿನಿಂದ ಪಾತ್ರೆ ಸದ್ದು ಜೋರಾಗಿ ಬಂತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಅಂದು ಅತ್ತೆ ತೀರ್ಮಾನ ಕೊಡಲಿಲ್ಲ. ಆಷಾಢ ಹತ್ತಿರ ಬಂದಿತ್ತು. ‘ಆಷಾಢದಾಗ ಇಂಥಾ ಮಾತು ಬ್ಯಾಡ. ಶ್ರಾವಣದಾಗ ನೋಡೂಣು. ಅಲ್ಲೀತನಕ ಆ ಹುಡುಗೀಗೆ ಟ್ರೇ ಕೆಳಗ ಇಡಾಕ ಹೇಳ್ರಿ’ ಅಂದರು. ಬರೆದಾತ ಒಪ್ಪಿಕೊಂಡ. ಊಟ ಮಾಡಿಸಿ, ಅತ್ತೆಗೂ ನನಗೂ ಉಡಿ ತುಂಬಿ ಕಳಿಸಿದರು.

ಮುಂದಿನ ವಾರ ಸಂಚಿಕೆ ಬಂತು. ಹುಡುಗಿ ಟ್ರೇ ಕೆಳಗಿಟ್ಟು, ‘ಆಷಾಢ ಮುಗಿಯಲಿ’ ಎಂದು ಹೇಳಿ ಮೀಟರ್ ಓದಲು ಹೋದಳು. ವಾಡೆಯವನೂ ತೋಳವೂ ಪಡಸಾಲೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ಓದುವ ದನಿಯಲ್ಲಿ ಏನೋ ಬದಲಾಗಿತ್ತು. ವಾಡೆಯವನು ಮಾತಾಡುವಾಗ ಆಕೆ ನಡುನಡುವೆ ನಗುತ್ತಿದ್ದಳು, ಅದನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದರು.

ಶ್ರಾವಣದಲ್ಲಿ ಹುಡುಗಿ ಸತ್ತವನನ್ನೇ ಮದುವೆಯಾದಳು. ಓದಿದವಳೂ ತಕರಾರು ಮಾಡಲಿಲ್ಲ. ಅತ್ತೆ ನನ್ನ ಜೊತೆ ಒಂದು ವಾರ ಮಾತು ಬಿಟ್ಟರು, ಗಂಡನ ಮೂಲಕವೇ ಉಪ್ಪು ಕೇಳಿದರು. ಆಮೇಲೆ ಒಂದು ಮಧ್ಯಾಹ್ನ ಬೆಲ್ಲದ ಬಾಗೇವಾಡಿಗೆ ಫೋನ್ ಹಚ್ಚಿಕೊಡೆಂದರು. ತೋಳದ ಹುಡುಗ ಒಬ್ಬನೇ ಉಳಿದದ್ದು ಅವರಿಗೆ ಸರಿಕಂಡಿರಲಿಲ್ಲ.

‘ಹುಕ್ಕೇರಿ ಕಡೀದೊಂದು ಹುಡುಗಿ ತೋರಸ್ರಿ. ನಾಯಿಗೀಯಿಗೆ ಅಂಜಬಾರದು. ಎತ್ತರ ಇರಲಿ’ ಎಂದು ಬರೆದಾತನಿಗೆ ಹೇಳಿದರು.

ಆತ ತೋರಿಸಿದ. ದನದ ದವಾಖಾನೆಯಲ್ಲಿ ಕೆಲಸ ಮಾಡುವ ಹುಡುಗಿ, ಹುಣ್ಣಿಮೆಯ ದಿನ ಅವನ ಬಾಯಿಗೆ ಪಟ್ಟಿ ಕಟ್ಟಿ ಕೂಡ್ರಿಸುವಷ್ಟು ಗಟ್ಟಿಗಿತ್ತಿ. ಎರಡೂ ಕಡೆ ಒಪ್ಪಿಗೆಯಾಯಿತು. ಮದುವೆಯ ಸಂಚಿಕೆ ಓದುವ ಮೊದಲು ಆತನ ಹೆಂಡತಿಯೇ ಫೋನ್ ಮಾಡಿ, ಮದುಮಗಳಿಗೆ ಯಾವ ಬಣ್ಣದ ಸೀರೆ ಉಡಿಸುವುದೆಂದು ಅತ್ತೆಯನ್ನು ಕೇಳಿದಳು. ಗಂಡ ಕೆಂಪು ಬರೆದಿದ್ದಾನೆ, ತನಗೆ ಮನಸ್ಸಿಲ್ಲ ಅಂದಳು. ಅತ್ತೆ, ಕಣ್ಣು ವಾಸಿಯಾದ ಮೇಲೂ ಬಿಡದ ಕರಿ ಕನ್ನಡಕ ತೆಗೆದು, ಗೋಡೆ ನೋಡುತ್ತ ವಿಚಾರ ಮಾಡಿದರು.

‘ಹಸರ ಇರಲಿ’ ಅಂದರು. ‘ಅಂಚು ದೊಡ್ಡದ ಹಚ್ಚಸ್ರಿ.’

ಆ ಸಂಚಿಕೆ ಬಂದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದೆವು. ಓಣಿಯ ಹೆಂಗಸರೆಲ್ಲ ಫೋನಿನ ಸುತ್ತ ಕುಳಿತು ಅಕ್ಕಿಕಾಳು ಹಾಕಿದರು.